ಐದನೇ ಸುತ್ತು

ಈ ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ. ಒಂದು ವಿಷಯ ಇತ್ತು, ಅದನ್ನು ಬಿಟ್ಟು ಬೇರೆ ಏನು ಬರೆಯಲು ಕೂತರೂ ಮನಸ್ಸು ಅಲ್ಲಿಗೇ ಹೋಗುತ್ತಿತ್ತು. ಆದರೆ ಅದನ್ನು ಬರೆಯಲು ಉಮ್ಮನ ಒಪ್ಪಿಗೆ ಬೇಕಿತ್ತು. ಕಳೆದ ಸಲ ಊರಿಗೆ ಹೋದಾಗ ಧೈರ್ಯ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ. ನನ್ನ ಹೆಸರು ಮಾತ್ರ ಹಾಕ್ಬೇಡ" ಅಂದರು. ಹಾಗಾಗಿ ಇಲ್ಲಿ ಅವರು ಬರೀ ಉಮ್ಮ.

2023ರ ಡಿಸೆಂಬರಿನಲ್ಲಿ ಉಮ್ಮನನ್ನು ಉಮ್ರಾಕ್ಕೆ ಕರೆದುಕೊಂಡು ಹೋಗಿದ್ದೆ. ಹಜ್ ವರ್ಷಕ್ಕೊಮ್ಮೆ, ನಿಗದಿತ ದಿನಗಳಲ್ಲಿ ಮಾತ್ರ. ಉಮ್ರಾ ಹಾಗಲ್ಲ, ಉಳಿದ ದಿನಗಳಲ್ಲೂ ಮಾಡಬಹುದು, ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಇಹ್ರಾಮ್ ಎಂಬ ವ್ರತಸ್ಥಿತಿಗೆ ಪ್ರವೇಶಿಸಬೇಕು, ಮಕ್ಕಾದಲ್ಲಿ ಕಾಬಾವನ್ನು ಏಳು ಸಲ ಸುತ್ತಬೇಕು (ಇದು ತವಾಫ್), ಸಫಾ ಮತ್ತು ಮರ್ವಾ ಬೆಟ್ಟಗಳ ನಡುವೆ ಏಳು ಸಲ ನಡೆಯಬೇಕು (ಇದು ಸಈ), ಕೊನೆಗೆ ಕೂದಲು ತೆಗೆಸಬೇಕು. ಅಲ್ಲಿಗೆ ಇಹ್ರಾಮ್ ಮುಗಿಯಿತು. ಹೇಳಲು ನಾಲ್ಕೇ ಸಾಲು. ನಮಗೆ ಆ ನಾಲ್ಕು ಸಾಲು ಮುಗಿಸಲು ಒಂದು ರಾತ್ರಿ ಪೂರ್ತಿ ಬೇಕಾಯಿತು.

ಕಥೆಗೆ ಹೋಗುವ ಮೊದಲು ಒಂದು ಶಬ್ದ ಬಿಡಿಸಿ ಹೇಳಬೇಕು. ವುಳೂ. ನಮಾಝಿಗೆ ಮೊದಲು ಮುಖ, ಮೊಣಕೈವರೆಗೆ ಕೈ ತೊಳೆದು, ತಲೆ ಸವರಿ, ಪಾದ ತೊಳೆಯುತ್ತಾರಲ್ಲ, ಅದು. ಆಫೀಸಿನ ಗೆಳೆಯರಿಗೆ ನಾನು ಇದನ್ನು "ಮಡಿ ಇದ್ದ ಹಾಗೆ" ಅಂತ ಹೇಳಿ ಮುಗಿಸುತ್ತಿದ್ದೆ. ಈಗ ಅನ್ನಿಸುತ್ತದೆ, ಅದು ಅಷ್ಟು ಸರಿಯಲ್ಲ. ವುಳೂ ಹೋಯಿತು ಅಂದರೆ ಆ ಮನುಷ್ಯ ಕೊಳಕಾದ ಅಂತಲ್ಲ, ಅವನಿಂದ ಇನ್ನೊಬ್ಬರಿಗೆ ಅದು ಅಂಟುವುದೂ ಇಲ್ಲ. ಅವನ ಜೊತೆ ಊಟ ಮಾಡಬಹುದು, ಕೈ ಹಿಡಿಯಬಹುದು. ನಮಾಝಿಗೆ ನಿಲ್ಲುವ ಹಾಗಿಲ್ಲ, ಅಷ್ಟೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ಲಾಗಿನ್ ಇದ್ದ ಹಾಗೆ. ಸೆಷನ್ ಮುಗಿದರೆ ನೀವೇನೂ ಅಪರಾಧ ಮಾಡಿಲ್ಲ, ಮತ್ತೆ ಲಾಗಿನ್ ಆಗಬೇಕು. ಮಲಮೂತ್ರ ಹೊರಬಂದರೆ, ಗಾಳಿ ಹೋದರೆ, ಗಾಢ ನಿದ್ದೆ ಬಂದರೆ ಸೆಷನ್ ಮುಗಿಯುತ್ತದೆ. ತವಾಫ್ ಕೂಡ ಒಂದು ಬಗೆಯ ನಮಾಝೇ, ಮಾತಾಡಬಹುದು ಅನ್ನುವುದೊಂದು ವ್ಯತ್ಯಾಸ ಎಂಬ ನೆಲೆಯಲ್ಲಿ ಹೆಚ್ಚಿನ ವಿದ್ವಾಂಸರು ತವಾಫಿಗೂ ವುಳೂ ಬೇಕು ಅನ್ನುತ್ತಾರೆ.

ನಾವು ದಕ್ಷಿಣ ಕನ್ನಡದ ಬ್ಯಾರಿಗಳು ಶಾಫಿ ಮದ್‌ಹಬಿನವರು. ನಮಗೆ ಇನ್ನೊಂದು ನಿಯಮ ಉಂಟು. ಮದುವೆಯಾಗಲು ಅವಕಾಶವಿರುವ ಗಂಡು ಹೆಣ್ಣಿನ ಚರ್ಮ ಚರ್ಮಕ್ಕೆ ತಾಗಿದರೆ ಇಬ್ಬರದೂ ವುಳೂ ಹೋಗುತ್ತದೆ. ಗಂಡ ಹೆಂಡತಿಯೂ ಇದರಲ್ಲಿ ಸೇರಿದರು. ತಾಯಿ ಮಗನಿಗೆ ಇದು ಅನ್ವಯಿಸುವುದಿಲ್ಲ. ಊರಲ್ಲಿ ಇದೇನೂ ಕಷ್ಟವಿಲ್ಲ. ಕಾಬಾದ ಸುತ್ತ? ಇಹ್ರಾಮಿನಲ್ಲಿ ಹೆಂಗಸರು ಕೈಗವಸು ಹಾಕುವ ಹಾಗಿಲ್ಲ, ಗಂಡಸರ ಮೈಮೇಲೆ ಇರುವುದು ಹೊಲಿಗೆ ಇಲ್ಲದ ಎರಡು ತುಂಡು ಬಟ್ಟೆ. ಲೋಕದ ಜನರೆಲ್ಲ ಒಂದೇ ದಿಕ್ಕಿಗೆ ಸುತ್ತುವಾಗ ಕೈಗೆ ಕೈ ತಾಗದೆ ಏಳು ಸುತ್ತು ಮುಗಿಸುವುದು ಹೇಗೆ ಮಾರಾಯ್ರೇ!

ಹೊರಡುವ ಮೊದಲು ನಮ್ಮ ತಂಡದವರಿಗೆ ಮಂಗಳೂರಿನಲ್ಲಿ ಒಂದು ದಿನದ ತರಗತಿ ಇತ್ತು. ಅಲ್ಲಿ ಎಲ್ಲರೂ ಕೇಳಿದ್ದು ಇದೇ ಪ್ರಶ್ನೆ. ಉಸ್ತಾದರು ನಗುತ್ತಾ ಉತ್ತರಿಸಿದರು. ಹನಫಿ ಮದ್‌ಹಬಿನಲ್ಲಿ ಬರೀ ತಾಗಿದರೆ ವುಳೂ ಹೋಗುವುದಿಲ್ಲ, ಇಂಥ ಜಾಗದಲ್ಲಿ ಆ ಅಭಿಪ್ರಾಯವನ್ನು ಹಿಡಿದುಕೊಳ್ಳಲು ನಮ್ಮವರೇ ಅನುಮತಿ ಕೊಟ್ಟಿದ್ದಾರೆ ಅಂತ. ಆದರೆ ಅವರ ರಿಯಾಯಿತಿ ತಗೊಂಡರೆ ಅವರ ಷರತ್ತೂ ತಗೋಬೇಕು. ಶಾಫಿಯಲ್ಲಿ ತಲೆಯ ಒಂದಿಷ್ಟು ಭಾಗ ಸವರಿದರೆ ಸಾಕು, ಹನಫಿಯಲ್ಲಿ ಕನಿಷ್ಠ ಕಾಲುಭಾಗ ಸವರಬೇಕು. "ಅವತ್ತೊಂದು ದಿನ ಧಾರಾಳವಾಗಿ ಪೂರ್ತಿ ತಲೆ ಸವರಿ, ಮುಗೀತು" ಅಂದರು. ಎಲ್ಲರೂ ನಕ್ಕೆವು. ನಾನಂತೂ ಖುಷಿಯಾಗಿ ಫೋನಿನಲ್ಲಿ ಬರೆದುಕೊಂಡೆ.

ಹೆಂಗಸರು ಪರದೆಯ ಆಚೆ ಇದ್ದರು. ಪ್ರಶ್ನೆ ಇದ್ದರೆ ಚೀಟಿಯಲ್ಲಿ ಬರೆದು ಕಳಿಸಿ ಅಂದಿದ್ದರು. ಬಂದದ್ದು ಎರಡೋ ಮೂರೋ ಚೀಟಿ. ಮುಟ್ಟಿನ ಬಗ್ಗೆ ಒಂದು ಚೀಟಿ ಇತ್ತು, ಅದಕ್ಕೂ ಉಸ್ತಾದರು ಸರಿಯಾಗಿಯೇ ಉತ್ತರ ಕೊಟ್ಟರು. ಉಮ್ಮ ಚೀಟಿ ಬರೆಯಲಿಲ್ಲ. ಉಮ್ಮನಿಗೆ ಬರೆಯಲು ಬರುವುದಿಲ್ಲ ಅನ್ನುವುದು ನನಗೆ ಆ ಹೊತ್ತಿಗೆ ನೆನಪೂ ಆಗಲಿಲ್ಲ.

ಮಕ್ಕಾ ತಲುಪಿದಾಗ ಸಂಜೆ ಕಳೆದಿತ್ತು. ಇಶಾ ನಮಾಝ್ ಮುಗಿಸಿ ತವಾಫಿಗೆ ಇಳಿದೆವು. ಕಾಬಾ ಮೊದಲ ಸಲ ಕಂಡಾಗ ಏನಾಯಿತು ಅಂತ ಬರೆಯುವುದಿಲ್ಲ, ಅದನ್ನು ನನಗಿಂತ ಚೆನ್ನಾಗಿ ಬರೆದವರಿದ್ದಾರೆ. ಕಾಲಿನ ಕೆಳಗೆ ಬಿಳಿ ಅಮೃತಶಿಲೆ ತಣ್ಣಗಿತ್ತು. ಹಜರುಲ್ ಅಸ್ವದ್, ಅಂದರೆ ಕಪ್ಪು ಶಿಲೆ ಇರುವ ಮೂಲೆಗೆ ನೇರವಾಗಿ ಆಚೆ ಗೋಡೆಯಲ್ಲಿ ಹಸಿರು ದೀಪ ಇದೆ. ಸುತ್ತು ಶುರುವಾಗುವುದೂ ಮುಗಿಯುವುದೂ ಆ ಗೆರೆಯಲ್ಲಿ. ಕಾಬಾ ಎಡಗಡೆಗೆ ಇರಬೇಕು. ಉಮ್ಮನ ಕೈಯಲ್ಲಿ ಏಳು ಮಣಿಯ ಒಂದು ದಾರ ಇತ್ತು. ಹಸಿರು ದೀಪ ದಾಟಿದಾಗಲೆಲ್ಲ ಒಂದು ಮಣಿ ಸರಿಸುವುದು.

ಮೂರು ಸುತ್ತು ಚೆನ್ನಾಗಿ ಆಯಿತು. ವಿಮಾನದಲ್ಲೇ ಹಿಡಿದಿದ್ದ ಕೆಮ್ಮು ನಾಲ್ಕನೇ ಸುತ್ತು ಮುಗಿಯುವ ಹೊತ್ತಿಗೆ ಉಮ್ಮನಿಗೆ ಜೋರಾಯಿತು. ಐದನೆಯದರಲ್ಲಿ ಒಮ್ಮೆ ಬಗ್ಗಿ ಕೆಮ್ಮಿ, ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. "ಕೂರೋಣವಾ ಉಮ್ಮ?" ಅಂದೆ. ಬೇಡ ಅಂತ ತಲೆ ಆಡಿಸಿದರು. ಹಿಂದಿನಿಂದ ಜನ ತಳ್ಳುತ್ತಿದ್ದರು. ನಡೆದೆವು. ಆಮೇಲಿನ ಸುತ್ತುಗಳಲ್ಲಿ ಉಮ್ಮನ ತುಟಿ ಅಲುಗುತ್ತಿರಲಿಲ್ಲ. ಸುಸ್ತಾಗಿದೆ ಅಂದುಕೊಂಡೆ.

ಏಳು ಮುಗಿದ ಮೇಲೆ ಮಖಾಮು ಇಬ್ರಾಹೀಮಿನ ಹಿಂದೆ ಎರಡು ರಕಅತ್ ನಮಾಝ್ ಮಾಡುವುದು ಕ್ರಮ. ನಾನು ನಿಂತೆ. ಉಮ್ಮ ನಿಲ್ಲಲಿಲ್ಲ. ಮಂಡಿ ನೋವು ಅಂದರು. ಮಂಡಿ ನೋವಿದ್ದರೆ ಕೂತು ಮಾಡಬಹುದು, ಊರಲ್ಲಿ ಎಷ್ಟೋ ಸಲ ಹಾಗೆ ಮಾಡಿದ್ದಾರೆ. ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. "ಸಈ ನಾಳೆ ಮಾಡುವಾ ಮೋನು, ಈಗ ಕೋಣೆಗೆ ಹೋಗುವಾ" ಅಂದರು. ತವಾಫಿಗೂ ಸಈಗೂ ನಡುವೆ ಅಂತರ ಇದ್ದರೆ ತೊಂದರೆಯಿಲ್ಲ ಅಂತ ತರಗತಿಯಲ್ಲಿ ಕೇಳಿದ್ದೆ. ಸರಿ ಅಂದು, ಇಬ್ಬರೂ ಇಹ್ರಾಮಿನಲ್ಲೇ ಹೋಟೆಲಿಗೆ ಬಂದೆವು.

ರಾತ್ರಿ ಎರಡು ದಾಟಿತ್ತು ಅನ್ನಿಸುತ್ತದೆ, ನಲ್ಲಿ ನೀರಿನ ಶಬ್ದಕ್ಕೆ ಎಚ್ಚರವಾಯಿತು. ಬಚ್ಚಲಿನಲ್ಲಿ ಉಮ್ಮ ಬಟ್ಟೆ ಒಗೆಯುತ್ತಿದ್ದರು. ಆ ಹೊತ್ತಿನಲ್ಲಿ! ಹೋಟೆಲಿನವರ ಸಾಬೂನು ಮುಟ್ಟಿರಲಿಲ್ಲ, ಅದರಲ್ಲಿ ಪರಿಮಳ ಇತ್ತು, ಇಹ್ರಾಮಿನಲ್ಲಿ ಪರಿಮಳ ಕೂಡದು. ಬರೀ ನೀರಿನಲ್ಲಿ ಉಜ್ಜಿ ಉಜ್ಜಿ ಒಗೆಯುತ್ತಿದ್ದರು. ಮೇಜಿನ ಮೇಲೆ ಮಣಿಯ ದಾರ ಇತ್ತು. ದೀಪ ಹಾಕಿದಾಗ ಕಂಡಿತು. ಒಂದು ಕಡೆ ನಾಲ್ಕು ಮಣಿ, ಇನ್ನೊಂದು ಕಡೆ ಮೂರು.

"ಎಂತ ಆಯ್ತು ಉಮ್ಮ?"

ಹೊರಗೆ ಬಂದು ಮಂಚದ ತುದಿಯಲ್ಲಿ ಕೂತರು. ನನ್ನ ಮುಖ ನೋಡಲಿಲ್ಲ. ಹೇಳಲು ತುಂಬಾ ಹೊತ್ತು ತಗೊಂಡರು. ನಾನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಕೆಮ್ಮಿದಾಗ, ಸೀನಿದಾಗ, ಕೊಡಪಾನ ಎತ್ತಿದಾಗ ಮೂತ್ರದ ನಾಲ್ಕು ಹನಿ ಹೋಗುತ್ತದೆ. ಕೊನೆಯ ತಂಗಿ ಹುಟ್ಟಿದ ಮೇಲೆ ಶುರುವಾದದ್ದು. ಐದು ಹೆರಿಗೆ. ತಂಗಿಗೆ ಈಗ ಹದಿನೆಂಟು. ಹದಿನೆಂಟು ವರ್ಷ ದಿನಕ್ಕೆ ಎಷ್ಟೋ ಸಲ ಬಟ್ಟೆ ಬದಲಾಯಿಸಿ, ಮತ್ತೆ ವುಳೂ ಮಾಡಿ, ಐದು ಹೊತ್ತು ನಮಾಝ್ ಮಾಡಿದ್ದಾರೆ. ನನ್ನ ತಂದೆಗೂ ಹೇಳಿರಲಿಲ್ಲವಂತೆ. ಮದುವೆ ಮನೆಗಳಿಗೆ ಹೋದರೆ ಬೇಗ ಹೊರಡೋಣ ಅಂತ ಯಾಕೆ ಗಡಿಬಿಡಿ ಮಾಡುತ್ತಿದ್ದರು, ಬಸ್ಸಿನಲ್ಲಿ ದೂರ ಹೋಗುವುದೆಂದರೆ ಯಾಕೆ ಒಲ್ಲೆ ಅನ್ನುತ್ತಿದ್ದರು, ಎಲ್ಲ ಅವತ್ತು ಅರ್ಥವಾಯಿತು. ನಾವು ಮಕ್ಕಳು ಉಮ್ಮನಿಗೆ ಜನ ಸೇರಿದರೆ ಆಗುವುದಿಲ್ಲ ಅಂತ ತಮಾಷೆ ಮಾಡುತ್ತಿದ್ದೆವು.

"ಅಲ್ಲಿ ಹೋಗ್ಬಿಟ್ಟಿತು ಮೋನು. ಐದನೆಯದರಲ್ಲಿ. ಹೇಳುವಾ ಅಂದ್ರೆ ನಾಲಿಗೆ ಬರಲಿಲ್ಲ. ನೆಲಕ್ಕೆ ಬಿತ್ತೇನೋ. ಅಲ್ಲಾಹನ ಮನೆಯ ನೆಲ." ಇದನ್ನು ಹೇಳುವಾಗ ಅತ್ತುಬಿಟ್ಟರು.

ಅವರ ಹೆದರಿಕೆ ಸುಮ್ಮನೆ ಅಲ್ಲ. ತವಾಫ್ ಸರಿಯಾಗದಿದ್ದರೆ ಅದರ ಮೇಲೆ ಮಾಡುವ ಸಈ ಲೆಕ್ಕಕ್ಕಿಲ್ಲ. ಕೂದಲು ಕತ್ತರಿಸುವ ಹಾಗಿಲ್ಲ. ಇಹ್ರಾಮ್ ಮುಗಿಯುವುದೇ ಇಲ್ಲ. ಉಮ್ರಾ ಮುಗಿಸದೆ ಊರಿಗೆ ಹೋಗಬೇಕಾ, ದಂಡವಾಗಿ ಆಡು ಕೊಡಬೇಕಾ, ಮಗನ ಹಣ ಎಲ್ಲ ಹಾಳಾಯಿತಾ ಅಂತ ಒಬ್ಬರೇ ಲೆಕ್ಕ ಹಾಕುತ್ತಾ ಕೂತಿದ್ದರು.

ಉಸ್ತಾದರು ಅದೇ ಮಹಡಿಯಲ್ಲಿದ್ದರು. ಅವರನ್ನು ಕೇಳುತ್ತೇನೆ ಅಂದೆ. ಬೇಡವೇ ಬೇಡ ಅಂದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. "ಬೇರೆ ಯಾರೋ ಹೆಂಗಸು ಅಂತ ಕೇಳು."

ಅವರ ಬಾಗಿಲ ಕೆಳಗೆ ಬೆಳಕಿತ್ತು, ರಾತ್ರಿ ನಮಾಝಿಗೆ ಎದ್ದಿದ್ದರೇನೋ. ಬಾಗಿಲು ಬಡಿಯದೆ ಫೋನ್ ಮಾಡಿದೆ, ಉಮ್ಮನಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. "ನಮ್ಮ ತಂಡದ ಒಬ್ಬ ಹೆಂಗಸಿಗೆ..." ಅಂತ ಶುರು ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ರಾತ್ರಿ ಎರಡೂವರೆಗೆ ನನ್ನ ಕೋಣೆಯಿಂದ ಬಂದ ಕರೆ, ಯಾವ ಹೆಂಗಸು ಅಂತ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಕೊನೆವರೆಗೆ "ಆ ತಾಯಿಗೆ ಹೇಳಿ" ಅಂತಲೇ ಮಾತಾಡಿದರು.

"ಹನಿ ನಿಲ್ಲದೆ ಹೋಗ್ತಾ ಇರ್ತದಾ, ಕೆಮ್ಮಿದಾಗ ಮಾತ್ರವಾ?" ಅಂತ ಮೊದಲು ಕೇಳಿದರು. ಕೆಮ್ಮಿದಾಗ ಮಾತ್ರ ಅಂದೆ. ನಿಲ್ಲದೆ ಹೋಗುವವರಿಗೆ ಬೇರೆಯೇ ನಿಯಮ ಉಂಟಂತೆ. ತೊಳೆದು, ಬಟ್ಟೆ ಕಟ್ಟಿಕೊಂಡು, ಸಮಯವಾದ ಮೇಲೆ ವುಳೂ ಮಾಡಿ ಕೂಡಲೇ ನಮಾಝ್ ಮಾಡುವುದು, ಆಮೇಲೆ ಹೋದದ್ದು ಲೆಕ್ಕಕ್ಕಿಲ್ಲ. ಪ್ರವಾದಿಯವರ ಕಾಲದಲ್ಲಿ ಫಾತಿಮಾ ಬಿಂತ್ ಅಬೀ ಹುಬೈಶ್ ಎಂಬವರು ನಿಲ್ಲದ ರಕ್ತಸ್ರಾವದ ಬಗ್ಗೆ ನೇರವಾಗಿ ಹೋಗಿ ಕೇಳಿದ್ದರು. ಇಂಥ ತೊಂದರೆ ಇರುವ ಎಲ್ಲರ ನಿಯಮವನ್ನೂ ವಿದ್ವಾಂಸರು ಆ ಪ್ರಶ್ನೆಗೆ ಸಿಕ್ಕ ಉತ್ತರದ ಮೇಲೇ ಬೆಳೆಸಿದರಂತೆ.

"ಈ ತಾಯಿಯದ್ದು ಇನ್ನೂ ಸುಲಭ" ಅಂದರು. "ತೊಳೆದು ಬಟ್ಟೆ ಬದಲಿಸಲಿ. ವುಳೂ ಮಾಡಲಿ. ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸಲಿ. ಮೊದಲಿನಿಂದ ಮಾಡಬೇಕು ಅಂತ ಇಲ್ಲ. ನಡುವೆ ಸಮಯ ಹೋದರೂ ನಮ್ಮ ಮದ್‌ಹಬಿನಲ್ಲಿ ತವಾಫ್ ಮುರಿಯುವುದಿಲ್ಲ. ಎಷ್ಟು ಸುತ್ತು ಖಚಿತ?"

ನಾನು ಮಣಿಯ ದಾರ ನೋಡಿದೆ. "ನಾಲ್ಕು."

"ಹಾಗಾದರೆ ಇನ್ನು ಮೂರು."

ನನ್ನ ತಲೆಯಲ್ಲಿ ಬಂದದ್ದು ಡೌನ್‌ಲೋಡ್ ಮ್ಯಾನೇಜರ್. ನೆಟ್ ಹೋದರೆ ಇಳಿದಷ್ಟು ಫೈಲ್ ಹಾಗೇ ಇರುತ್ತದೆ, ಸಂಪರ್ಕ ಬಂದ ಮೇಲೆ ಅಲ್ಲಿಂದಲೇ ಮುಂದೆ. ಎಲ್ಲ ಮದ್‌ಹಬಿನಲ್ಲೂ ಹೀಗೇ ಅಂತಲ್ಲ, ಮೊದಲಿನಿಂದ ಶುರು ಮಾಡಿ ಅನ್ನುವವರೂ ಇದ್ದಾರೆ. ಆದರೆ ನಮ್ಮದೇ ಪುಸ್ತಕದಲ್ಲಿ ಇಷ್ಟು ಸರಳವಾದ ಉತ್ತರ ಇತ್ತು.

ಉಮ್ಮ ನನ್ನ ತೋಳು ತಿವಿದು ನೆಲ, ನೆಲ ಅಂತ ಸನ್ನೆ ಮಾಡಿದರು. ಅದನ್ನೂ ಕೇಳಿದೆ. "ಬಿದ್ದದ್ದು ಕಣ್ಣಾರೆ ನೋಡಿದ್ದಾರಾ?" ಇಲ್ಲ. "ಹಾಗಾದರೆ ಬೀಳಲಿಲ್ಲ. ಖಚಿತವಾದದ್ದನ್ನು ಅನುಮಾನ ಅಳಿಸುವುದಿಲ್ಲ." ಆಮೇಲೆ ಸ್ವಲ್ಪ ತಡೆದು, ಆಯಿಷಾ ಅವರ ಕಥೆ ಹೇಳಿದರು. ಪ್ರವಾದಿಯವರು ಕ್ರಿ.ಶ. 632ರಲ್ಲಿ ಮಾಡಿದ ವಿದಾಯದ ಹಜ್ಜಿನ ದಾರಿಯಲ್ಲಿ, ಮಕ್ಕಾದ ಹತ್ತಿರ ಸರಿಫ್ ಎಂಬಲ್ಲಿ ಅವರ ಪತ್ನಿ ಆಯಿಷಾ ಮುಟ್ಟಾದರು. ಹಜ್ ಹೋಯಿತು ಅಂತ ಅಳುತ್ತಾ ಕೂತಿದ್ದರು. ಪ್ರವಾದಿಯವರು ಬಂದು ನೋಡಿ ಕಾರಣ ಕೇಳಿದರು. ಬೈಯಲಿಲ್ಲ. ಇದು ಎಲ್ಲ ಹೆಣ್ಣುಮಕ್ಕಳಿಗೂ ದೇವರು ಇಟ್ಟದ್ದು, ತವಾಫ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡು ಅಂದರು. ಶುದ್ಧವಾದ ಮೇಲೆ ಆಯಿಷಾ ತವಾಫ್ ಮಾಡಿದರು. ಆಮೇಲೆ ಅವರ ಅಣ್ಣ ಅಬ್ದುರ್ರಹ್ಮಾನರ ಜೊತೆ ತನ್‌ಈಮ್‌ಗೆ ಹೋಗಿ ಇಹ್ರಾಮ್ ಕಟ್ಟಿ ಉಮ್ರಾವನ್ನೂ ಮಾಡಿದರು. ಇವತ್ತಿಗೂ ಅಲ್ಲಿ ಅವರ ಹೆಸರಿನ ಮಸೀದಿ ಇದೆ, ಮಕ್ಕಾದಲ್ಲಿ ಇದ್ದುಕೊಂಡು ಇನ್ನೊಂದು ಉಮ್ರಾ ಮಾಡುವವರು ಹೆಚ್ಚಾಗಿ ಹೋಗುವುದು ಅಲ್ಲಿಗೇ.

"ಅವರು ಅತ್ತ ಜಾಗದಲ್ಲೇ ಈ ತಾಯಿಯೂ ಅತ್ತಿದ್ದಾರೆ ಅಂತ ತಿಳ್ಕೊಳ್ಳಲಿ. ಮತ್ತೆ ಕೆಮ್ಮು ಬಂದರೆ ಮತ್ತೆ ವುಳೂ ಮಾಡಿ ಅಲ್ಲಿಂದ ಮುಂದುವರಿಸಲಿ. ಹತ್ತು ಸಲ ಆದರೆ ಹತ್ತು ಸಲ." ಫೋನಿಟ್ಟರು.

ಉಮ್ಮ ಕಣ್ಣು ಒರೆಸಿಕೊಂಡರು. "ಇಷ್ಟೇಯಾ?" ಅಂದರು.

ಒಂದು ಕೆಲಸ ಬಾಕಿ ಇತ್ತು. ಕೆಳಗೆ ರಸ್ತೆಯ ಆಚೆ ಒಂದು ಔಷಧಿ ಅಂಗಡಿ ಆ ಹೊತ್ತಿನಲ್ಲೂ ತೆರೆದಿತ್ತು. ಇಹ್ರಾಮಿನ ಬಿಳಿ ಬಟ್ಟೆಯಲ್ಲೇ ಹೋಗಿ ದೊಡ್ಡವರ ಪ್ಯಾಡ್ ಕೇಳಿದೆ. ನಾಚಿಕೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಂಗಡಿಯವನಿಗೆ ಅದೇನೂ ವಿಶೇಷ ಅಲ್ಲ, ಮೂರು ಬಗೆ ತೆಗೆದು ಮುಂದಿಟ್ಟ. ಪರಿಮಳ ಇಲ್ಲದ್ದು ಬೇಕು ಅಂದೆ. ಇಹ್ರಾಮಾ ಅಂತ ಕೇಳಿ, ಎರಡನ್ನು ಹಿಂದಕ್ಕೆ ಸರಿಸಿ ಒಂದನ್ನು ಕೊಟ್ಟ. ಲೋಕದ ಎಷ್ಟೋ ಉಮ್ಮಂದಿರಿಗಾಗಿ ಎಷ್ಟೋ ಮಕ್ಕಳು ಅಲ್ಲಿಗೆ ಬಂದಿರಬೇಕು ಅಂತ ಮೆಟ್ಟಿಲು ಹತ್ತುವಾಗ ಅನ್ನಿಸಿತು.

ಮೂರೂಕಾಲಿನ ಹೊತ್ತಿಗೆ ಮತ್ತೆ ಹಸಿರು ದೀಪದ ಗೆರೆಯಲ್ಲಿ ನಿಂತಿದ್ದೆವು. ಉಮ್ಮ ಐದನೇ ಮಣಿಯನ್ನು ಬೆರಳಲ್ಲಿ ಹಿಡಿದುಕೊಂಡಿದ್ದರು. ಈ ಸಲ ತುಟಿ ಅಲುಗುತ್ತಿತ್ತು. ಆರನೆಯದರಲ್ಲಿ ಕೆಮ್ಮು ಬಂತು. ಇಬ್ಬರೂ ನಿಂತುಬಿಟ್ಟೆವು. ಅವರ ಮುಖ ನೋಡಿದೆ. "ಇಲ್ಲ" ಅಂತ ತಲೆ ಆಡಿಸಿದರು, ಸಣ್ಣಗೆ ನಕ್ಕರು ಕೂಡ. ಏಳು ಮುಗಿಸಿ ಎರಡು ರಕಅತ್ ನಮಾಝ್ ಮಾಡಿದರು. ಮಂಡಿ ನೋವು ಇರಲಿಲ್ಲ! ಝಮ್‌ಝಮ್ ಕುಡಿದರು, ಮೊದಲ ಸಲ ಅದನ್ನೂ ಮುಟ್ಟಿರಲಿಲ್ಲ ಅಂತ ಆಗ ನೆನಪಾಯಿತು. ಸಈಗೆ ವುಳೂ ಕಡ್ಡಾಯ ಅಲ್ಲ. ಹಾಗಾಗಿ ಆ ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿಯನ್ನು ಉಮ್ಮ ಏನೂ ಹೆದರಿಕೆ ಇಲ್ಲದೆ, ಊರಿನ ಸುದ್ದಿ ಮಾತಾಡುತ್ತಾ ನಡೆದರು. ನಡುವೆ ಫಜ್ರ್ ಅಝಾನ್ ಆಯಿತು, ನಮಾಝ್ ಮಾಡಿ ಉಳಿದದ್ದು ಮುಗಿಸಿದೆವು.

ನಾನು ತಲೆ ಬೋಳಿಸಿಕೊಂಡು ಬಂದೆ. ಹೆಂಗಸರು ಕೂದಲ ತುದಿಯಿಂದ ಬೆರಳ ತುದಿಯಷ್ಟು ಕತ್ತರಿಸಿದರೆ ಸಾಕು. ಕೋಣೆಯಲ್ಲಿ ಉಮ್ಮ ಶಾಲು ಸರಿಸಿ ಕೂತು, ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ಕೂದಲು ಅಷ್ಟು ಬೆಳ್ಳಗಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಊರಿಗೆ ಬಂದ ಮೇಲೆ ಅಕ್ಕ ಉಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೆರಿಗೆಯಾದ ಹೆಂಗಸರಲ್ಲಿ ಇದು ತುಂಬಾ ಸಾಮಾನ್ಯವಂತೆ. ಕೆಳಹೊಟ್ಟೆಯ ಅಂಗಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ, ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ, ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ. ಕೆಲವು ತಿಂಗಳಲ್ಲಿ ಉಮ್ಮನಿಗೆ ಬಹಳಷ್ಟು ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ. ಹದಿನೆಂಟು ವರ್ಷ ಸುಮ್ಮನಿದ್ದದ್ದಕ್ಕೆ ಮದ್ದು, ಚಾಪೆಯ ಮೇಲೆ ಮಲಗಿ ಮಾಡುವ ಹತ್ತು ನಿಮಿಷದ ವ್ಯಾಯಾಮ.

ನನ್ನನ್ನು ಈಗಲೂ ಕಾಡುವುದು ಆ ತರಗತಿ. ಕೈ ತಾಗಿದರೆ ಏನು ಅಂತ ನಾವು ಗಂಡಸರು ಕೇಳಿದೆವು, ನಕ್ಕೆವು, ರಿಯಾಯಿತಿ ಪಡೆದೆವು. ಅದೇ ದಿನ ಅದೇ ಹಾಲಿನಲ್ಲಿ ಪರದೆಯ ಆಚೆ ಉಮ್ಮ ಕೂತಿದ್ದರು, ಅವರ ಪ್ರಶ್ನೆಗೂ ಪುಸ್ತಕದಲ್ಲಿ ಉತ್ತರ ಇತ್ತು. ಉತ್ತರ ಕೊಡಬಲ್ಲವರು ಮುಂದೆಯೇ ಕೂತಿದ್ದರು. ಸಾವಿರದ ನಾನ್ನೂರು ವರ್ಷಗಳ ಹಿಂದೆ ಹೆಂಗಸರು ಮುಜುಗರವಿಲ್ಲದೆ ಕೇಳಿದ್ದನ್ನು, ಕೇಳಿ ಪಡೆದ ಉತ್ತರವನ್ನು, ಮುಜುಗರವಿಲ್ಲದೆ ಬರೆದಿಟ್ಟರು. ನಾವು ಅದನ್ನು ಚೀಟಿಗೆ ಇಳಿಸಿದೆವು. ಚೀಟಿ ಬರೆಯಲು ಬಾರದವರಿಗೆ ಅದೂ ಇಲ್ಲ. ಉಸ್ತಾದರನ್ನು ಮೊನ್ನೆ ಭೇಟಿಯಾಗಿದ್ದೆ. ಈಗ ಅವರ ತರಗತಿಯಲ್ಲಿ ಹೆಂಗಸರ ಭಾಗವನ್ನು ಅವರ ಪತ್ನಿ ನಡೆಸಿಕೊಡುತ್ತಾರಂತೆ, ಕೆಮ್ಮಿನ ವಿಷಯವನ್ನು ಯಾರೂ ಕೇಳುವ ಮೊದಲೇ ಹೇಳುತ್ತಾರಂತೆ. "ಯಾರೋ ಒಬ್ಬ ತಾಯಿ ಕೇಳಿದ್ದರಲ್ಲ, ಆಮೇಲೆ" ಅಂದರು.

ಬರೆದದ್ದನ್ನು ಫೋನಿನಲ್ಲಿ ಉಮ್ಮನಿಗೆ ಓದಿ ಹೇಳಿದೆ, ಬ್ಯಾರಿಗೆ ತಿರುಗಿಸುತ್ತಾ. ಕತ್ತರಿಯವರೆಗೆ ಸುಮ್ಮನೆ ಕೇಳಿದರು. ಕೊನೆಗೆ ಒಂದೇ ತಿದ್ದುಪಡಿ ಹೇಳಿದರು. "ಕೊಡಪಾನ ಅಲ್ಲ ಮೋನು, ಗ್ರೈಂಡರಿನ ಕಲ್ಲು." ಹಾಗೇ ಬಿಟ್ಟಿದ್ದೇನೆ, ನೀವು ತಿದ್ದಿಕೊಂಡು ಓದಿ. ನಿಮ್ಮ ಮನೆಯಲ್ಲೂ ಮದುವೆ ಮನೆಯಿಂದ ಬೇಗ ಹೊರಡೋಣ ಅನ್ನುವ ಅಮ್ಮ ಇದ್ದರೆ, ಒಂದು ಸಲ ಯಾಕೆ ಅಂತ ಕೇಳಿ.